ಎಂಟು ಶಾಲೆಗೆ ಒಂದೇ ವಿಜ್ಞಾನದ ಡಬ್ಬ: ನಮ್ಮ ಕ್ಲಸ್ಟರಿನ ಅನುಭವ

ನಮ್ಮ ಕ್ಲಸ್ಟರಿನ, ಅಂದರೆ ಅಕ್ಕಪಕ್ಕದ ಶಾಲೆಗಳ ಗುಂಪಿನ, ಎಂಟು ಶಾಲೆ ಸೇರಿ ವಿಜ್ಞಾನದ ಸಾಮಾನು ಹಂಚಿಕೊಂಡು ಬಳಸೋಣ ಅಂತ ಶಿಕ್ಷಕರ ತಿಂಗಳ ಸಮಾಲೋಚನಾ ಸಭೆಯಲ್ಲಿ ಹೇಳಿದಾಗ ಯಾರೂ ನಂಬಲಿಲ್ಲ. "ಒಡೆದರೆ ದುಡ್ಡು ಯಾರು ಕಟ್ತಾರೆ ಸಾರ್?" ಅಂತ ಒಬ್ಬರು ಮೇಡಂ ಕೇಳಿಯೇ ಬಿಟ್ಟರು. ಸರಿಯಾದ ಪ್ರಶ್ನೆ. ಪ್ರನಾಳ, ಮಸೂರ ಎಲ್ಲ ಬೀರುವಿನಲ್ಲೂ ಇರುತ್ತವೆ, ಆದರೆ ಸ್ಟಾಕ್ ರಿಜಿಸ್ಟರಿನ ಹೆದರಿಕೆಗೆ ಬೀಗ ತೆಗೆಯುವುದಿಲ್ಲ, ಅಲ್ವಾ?

ಮೊದಲು ಎಲ್ಲರ ಶಾಲಾ ಅನುದಾನ ಒಟ್ಟು ಹಾಕಲು ನೋಡಿದೆವು. ಆಗಲಿಲ್ಲ. 30 ಮಕ್ಕಳವರೆಗಿನ ಶಾಲೆಗೆ ಸಮಗ್ರ ಶಿಕ್ಷಣ ಯೋಜನೆಯಲ್ಲಿ ವರ್ಷಕ್ಕೆ 10,000 ರೂಪಾಯಿ, ನೂರರವರೆಗೆ 25,000. ಅದರಲ್ಲೇ ಸುಣ್ಣಬಣ್ಣ, ಚಿಲ್ಲರೆ ರಿಪೇರಿ ಎಲ್ಲ. ಒಂದು ಶಾಲೆಯ ದುಡ್ಡಿಗೆ ಇನ್ನೊಂದು ಶಾಲೆಯ ಬಿಲ್ ಇಟ್ಟರೆ ಆಡಿಟ್‌ನವರು ಬಿಡುತ್ತಾರಾ? ಕೊನೆಗೆ ಹೊಳೆದದ್ದು ಇದು: ಒಂದೊಂದು ಶಾಲೆ ಒಂದೊಂದೇ ಸಾಮಾನು, ಆದರೆ ಜಾಸ್ತಿ ಸಂಖ್ಯೆಯಲ್ಲಿ ಕೊಳ್ಳುವುದು. ಒಬ್ಬರು ಬರೀ ಮಸೂರ, ಒಬ್ಬರು ಬರೀ ಅಯಸ್ಕಾಂತ. ಅವರವರ ಬಿಲ್, ಅವರವರ ರಿಜಿಸ್ಟರ್. ಕೊಟ್ಟು ತಗೊಳ್ಳುವುದಕ್ಕೆ ಒಂದು ನೋಟ್‌ಬುಕ್. ಎಲ್ಲ ಸೇರಿ ಹನ್ನೆರಡು ಸಾವಿರದ ಆಸುಪಾಸು ಆಯಿತು. ಒಡೆದದ್ದಕ್ಕೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ನಡಾವಳಿಯಲ್ಲಿ ಮೊದಲೇ ಒಂದು ಸಾಲು ಬರೆಸಿದೆವು. ಆ ಸಾಲು ಹೇಗಿರಬೇಕು ಅಂತ ಇಲ್ಲಿ ಹಾಕುವುದಿಲ್ಲ, ನಿಮ್ಮ ಸಭೆಗೆ ಕರೆದರೆ ಬಂದು ಹೇಳುತ್ತೇನೆ.

ಆದರೂ ಮೊದಲ ವರ್ಷ ಸೊರಗಿತು. ಎಲ್ಲರ ಸಾಮಾನು ತುಂಬಿ ಕಳಿಸಿದ ಡಬ್ಬ ಹೋದ ಶಾಲೆಯಲ್ಲೇ ಕೂತುಬಿಡುತ್ತಿತ್ತು. ಟಾರ್ಚಿನೊಳಗೆ ಬಿಟ್ಟ ಸೆಲ್ ಸೋರಿ ಸ್ಪ್ರಿಂಗ್ ಎಲ್ಲ ತುಕ್ಕು. ಸಜಾತಿ ಧ್ರುವ ಒಂದೇ ಕಡೆ ಮಾಡಿ ಕಟ್ಟಿಟ್ಟ ಅಯಸ್ಕಾಂತಗಳಲ್ಲಿ ಗುಂಡುಸೂಜಿ ಎತ್ತುವ ಶಕ್ತಿಯೂ ಉಳಿದಿರಲಿಲ್ಲ, ಸುಮಾರು ಎಂಟುನೂರು ರೂಪಾಯಿ ಮಣ್ಣುಪಾಲು. ಈಗ ಒಂದರ ಉತ್ತರದ ಪಕ್ಕ ಇನ್ನೊಂದರ ದಕ್ಷಿಣ ಬರುವಂತೆ ಇಟ್ಟು, ತುದಿಗೆ ಮೆದು ಕಬ್ಬಿಣದ ತುಂಡು ಸೇರಿಸಿಯೇ ಕೊಡುತ್ತೇವೆ. ಡಬ್ಬ ಕೈ ಬದಲಾಯಿಸುವುದು ತಿಂಗಳ ಸಭೆಯ ದಿನ ಮಾತ್ರ. ಆ ದಿನ ಭಾಷಣ ಬೇಡ ಅಂತ ಸಿಆರ್‌ಪಿಯವರನ್ನು (ಕ್ಲಸ್ಟರಿನ ಸಂಪನ್ಮೂಲ ವ್ಯಕ್ತಿ) ಒಪ್ಪಿಸಿ, ಮುಂದಿನ ತಿಂಗಳ ಪ್ರಯೋಗವನ್ನು ನಾವು ಮೇಷ್ಟ್ರುಗಳೇ ಕೈಯಾರೆ ಮಾಡುತ್ತೇವೆ. ನಿಜವಾಗಿ ಗೆದ್ದದ್ದು ಇದರಿಂದಲೇ. ಮಧ್ಯಪ್ರದೇಶದ ಹೋಶಂಗಾಬಾದಿನಲ್ಲಿ 1972ರಲ್ಲಿ ಶುರುವಾದ ವಿಜ್ಞಾನ ಕಾರ್ಯಕ್ರಮದಲ್ಲೂ ಶಿಕ್ಷಕರ ಮಾಸಿಕ ಸಭೆಯೇ ಬೆನ್ನೆಲುಬು. 2002ರಲ್ಲಿ ಸರ್ಕಾರ ಅದನ್ನು ನಿಲ್ಲಿಸಿದ್ದು ನನಗೆ ಇವತ್ತಿಗೂ ಬೇಜಾರು.

ಮಧ್ಯೆ ಇನ್ನೊಂದು ಮಾಡಿದೆವು. ಶೂನ್ಯ ನೆರಳಿನ ದಿನ, ಅಂದರೆ ಮಧ್ಯಾಹ್ನ ಸೂರ್ಯ ನೆತ್ತಿಯ ಮೇಲೆ ಬಂದು ನೆಟ್ಟ ಕೋಲಿನ ನೆರಳೇ ಕಾಣದ ದಿನ, ತೋರಿಸೋಣ ಅಂದರೆ ಏಪ್ರಿಲ್ ಕೊನೆಗೆ ಬೇಸಿಗೆ ರಜೆ, ಆಗಸ್ಟಿನಲ್ಲಿ ಮೋಡ. ಅದಕ್ಕೆ ಹಗಲು-ರಾತ್ರಿ ಹೆಚ್ಚುಕಡಿಮೆ ಸಮ ಇರುವ ಸೆಪ್ಟೆಂಬರ್ 23 ಹಿಡಿದು, ಎರಡು ಊರಿನ ನೆರಳು ಹೋಲಿಸೋಣ ಅಂದೆವು. ನನ್ನ ಜೊತೆ ಡಿ.ಎಡ್ ಓದಿದ ಗೆಳೆಯ ಬೀದರಿನಲ್ಲಿದ್ದಾನೆ. ಹನ್ನೆರಡೂಕಾಲರ ಹೊತ್ತಿಗೆ, ನೆರಳು ತೀರಾ ಗಿಡ್ಡವಾದಾಗ ಎರಡೂ ಕಡೆ ಮಕ್ಕಳು ಮೀಟರ್ ಕೋಲು ನೆಟ್ಟು ಅಳೆದರು. ನಮ್ಮ ಚಾಮರಾಜನಗರದ ಕಡೆ 21 ಸೆಂಟಿಮೀಟರ್ ಬಂತು, ಅಲ್ಲಿ 32ರ ಹತ್ತಿರ. "ಒಂದೇ ಸೂರ್ಯ ಅಲ್ವಾ ಸಾರ್, ನೆರಳು ಯಾಕೆ ಬೇರೆ?" ಅಂತ ಆರನೇ ತರಗತಿಯ ಹುಡುಗಿ ಕೇಳಿದಳು. ಭೂಮಿ ಗುಂಡಗಿದೆ ಅನ್ನುವ ಪಾಠ ಅಲ್ಲಿಂದಲೇ ಶುರು ಮಾಡಿದೆ. ಉತ್ತರವನ್ನು ಮೊದಲು ಹೇಳಿದ್ದೂ ಅವಳೇ.

ಪಕ್ಕದ ಎರಡು ಕ್ಲಸ್ಟರಿನವರು ಈಗ ಕೊಳ್ಳುವ ಪಟ್ಟಿ ಕೇಳಿ ತಗೊಂಡು ಹೋಗಿದ್ದಾರೆ. ಈ ಸಲ ನೆರಳು ಅಳೆಯುವುದಕ್ಕೆ ದಾವಣಗೆರೆ ಕಡೆಯ ಶಾಲೆಯೊಂದು ಬೇಕು, ನಡುವಿನ ಅಳತೆ ನಮಗಿನ್ನೂ ಸಿಕ್ಕಿಲ್ಲ.