ಗೇರುಹಣ್ಣಿನ ಹಿಪ್ಪೆ ಹಂದಿಗೆ ಒಗ್ಗಿದ್ದು ನಾಲ್ಕನೇ ವರ್ಷ

"ಹಿಪ್ಪೆ ತಿಂದು ಹಂದಿ ಅಮಲಿನಲ್ಲಿ ಬೀಳುತ್ತದೆ, ನೀನು ಸಾಲದಲ್ಲಿ ಬೀಳುತ್ತೀಯ" ಎಂದಿದ್ದರು ನನ್ನ ಸೋದರಮಾವ. ಮೊದಲ ವರ್ಷ ಎರಡೂ ನಿಜವಾದವು. ಈ ಸಲ ಅವರೇ ಹಳಿಯಾಳದಿಂದ ಫೋನ್ ಮಾಡಿ ಹಿಪ್ಪೆ ಮೇವಿನ ಅಳತೆ ಕೇಳಿದಾಗ, ಬೇಕೆಂದೇ ಎರಡು ದಿನ ಬಿಟ್ಟು ಹೇಳಿದೆ.

ಗೋವಾದ ವಾಳಪೈ ಹತ್ತಿರ ನನ್ನದು ಐದು ತಾಯಿ ಹಂದಿಗಳ ಸಣ್ಣ ಸಾಕಣೆ. ಬೆಳಗಾವಿ ಕಡೆಯ ಮೆಕ್ಕೆಜೋಳ ಚೋರ್ಲಾ ಘಾಟ್ ಇಳಿದು ಬರುವಷ್ಟರಲ್ಲಿ ಕಿಲೋಗೆ 26–27 ರೂಪಾಯಿ ಬೀಳುತ್ತಿತ್ತು. ಇತ್ತ ಮಾರ್ಚ್‌ನಿಂದ ಮೇ ತಿಂಗಳವರೆಗೆ ಗೇರುಹಣ್ಣಿನ ಸಾರಾಯಿ ಫೆನಿ ಇಳಿಸುವ ಭಟ್ಟಿಗಳ ಹಿಂದೆ ರಸ ಹಿಂಡಿದ ಹಿಪ್ಪೆ ರಾಶಿಬಿದ್ದು ಕೊಳೆಯುತ್ತದೆ.

ಮೊದಲ ವರ್ಷ ಬೆಳಿಗ್ಗೆ ತಂದದ್ದನ್ನು ಸಂಜೆ ಸುರಿದೆ. ಅಷ್ಟರಲ್ಲೇ ಅದು ನೊರೆಯೆದ್ದಿತ್ತು. ಎರಡು ಹಂದಿಗಳು ಗೋಡೆಗೊರಗಿ ನಿದ್ದೆಹೋದವು, ಉಳಿದವಕ್ಕೆ ಭೇದಿ. ತೂಕ ನಿಂತುಹೋಗಿ ಸುಮಾರು 40 ಸಾವಿರ ಕಳೆದುಕೊಂಡೆ. ಎರಡನೇ ವರ್ಷ ಟಾರ್ಪಾಲಿನ ಮೇಲೆ ಒಣಗಿಸಿದೆ. ಹತ್ತು ಕಿಲೋಗೆ ಎರಡೂವರೆ ಕಿಲೋ ಸಿಗುತ್ತಿತ್ತು, ಚೆನ್ನಾಗಿಯೇ ಇತ್ತು. ಮೇ ನಡುವಿನ ಮಳೆಗೆ ಬೂಸ್ಟು ಹಿಡಿಯಿತು. ಮೇಲಿನದನ್ನು ಕೆರೆದು ತಿನ್ನಿಸಿದ್ದು ನನ್ನ ದಡ್ಡತನ. ಒಂದು ತಾಯಿ ಹಂದಿ ಕಂದು ಹಾಕಿತು, ಬೂಸ್ಟಿನದೇ ಕೆಲಸವೆಂದು ಈಗಲೂ ನನ್ನ ಅನುಮಾನ. ಉಳಿದದ್ದೆಲ್ಲ ತೆಂಗಿನ ಬುಡಕ್ಕೆ ಹೋಯಿತು.

ಮೂರನೇ ವರ್ಷ ಡ್ರಮ್ಮಿನಲ್ಲಿ ಗಾಳಿಯಾಡದಂತೆ ಮುಚ್ಚಿ ಹುಳಿಬರಿಸುವ ರಸಮೇವು (ಸೈಲೇಜ್) ಮಾಡಿದೆ. ತಳದಲ್ಲಿ ನೀರು ನಿಂತು, ತೆರೆದರೆ ಹಳಸಿದ ಬೆಣ್ಣೆಯ ನಾತ. ಗೊತ್ತಾಗಬೇಕಿದ್ದದ್ದು ಇಷ್ಟೇ: ತೇವ ಹೆಚ್ಚಾಗಿತ್ತು.

ಈಗ ಹಿಪ್ಪೆಯನ್ನು ಅರ್ಧ ದಿನ ನೆರಳಲ್ಲಿ ಬಾಡಿಸಿ, ನೂರು ಕಿಲೋಗೆ ಹದಿನೈದು ಕಿಲೋ ಅಕ್ಕಿ ತೌಡು, ಒಂದು ಹಿಡಿ ಉಪ್ಪು ಬೆರೆಸಿ, 200 ಲೀಟರ್ ಡ್ರಮ್ಮಿನಲ್ಲಿ ಕಾಲಿನಿಂದ ತುಳಿದು ತುಂಬುತ್ತೇನೆ. ಕಾಕಂಬಿ (ಸಕ್ಕರೆ ಕಾರ್ಖಾನೆಯ ಮೊಲಾಸಿಸ್) ಹಾಕಿಯೂ ಹಾಕದೆಯೂ ನೋಡಿದೆ, ವ್ಯತ್ಯಾಸ ಕಾಣಲಿಲ್ಲ. ಹಣ್ಣಿನ ಸಕ್ಕರೆಯೇ ಸಾಕು. ಮುಚ್ಚುವ ಮೊದಲು ಮೇಲಿನ ಪದರಕ್ಕೆ ಹಾಕುವುದೊಂದಿದೆ, ಅದನ್ನು ಮಾವನಿಗೂ ಹೇಳಿಲ್ಲ. ಇಪ್ಪತ್ತೈದು ದಿನಕ್ಕೆ ಮಾವಿನಕಾಯಿ ಉಪ್ಪಿನಕಾಯಿಯ ಹುಳಿ ವಾಸನೆ ಬರುತ್ತದೆ.

ಹಾಲು ಬಿಟ್ಟ ಮರಿಗಳಿಗೆ ಇದನ್ನು ಮುಟ್ಟಿಸುವುದಿಲ್ಲ. ಮೂವತ್ತು ಕಿಲೋ ದಾಟಿದ ಮೇಲೆ, ಒಣತೂಕದ ಲೆಕ್ಕದಲ್ಲಿ ಒಟ್ಟು ಮೇವಿನ ಐದರಲ್ಲೊಂದು ಪಾಲು ಕೊಡುತ್ತೇನೆ. ನಾಲ್ಕರಲ್ಲೊಂದಕ್ಕೆ ಏರಿಸಿದಾಗ ಒಗರಿಗೋ ನಾರಿಗೋ, ತಿನ್ನುವುದನ್ನೇ ಕಡಿಮೆ ಮಾಡಿದವು. ಮೆಕ್ಕೆಜೋಳ ಇಳಿಸಿದಷ್ಟಕ್ಕೂ ಹಿಪ್ಪೆ ತುಂಬಿ ಕೈತೊಳೆದುಕೊಳ್ಳಬಾರದು. ಸೋಯಾ ಹಿಂಡಿಯನ್ನು ಸ್ವಲ್ಪ ಏರಿಸಲೇಬೇಕು, ಇಲ್ಲವಾದರೆ ಮಾಂಸ ಬೆಳೆಯಲು ಬೇಕಾದ ಲೈಸಿನ್ ಎಂಬ ಪ್ರೋಟೀನಿನ ಅಂಶ ಸಾಲದೆ ಹೊಟ್ಟೆ ಬೆಳೆಯುತ್ತದೆ, ತೊಡೆ ಬೆಳೆಯುವುದಿಲ್ಲ. ದಿನಕ್ಕೆ ಏರುವ ತೂಕ 450 ಗ್ರಾಂನಿಂದ 430ಕ್ಕೆ ಇಳಿಯಿತು. ಆದರೆ ಒಂದು ಕಿಲೋ ತೂಕಕ್ಕೆ ಬೀಳುತ್ತಿದ್ದ ಮೇವಿನ ಖರ್ಚು 95ರಿಂದ 84 ರೂಪಾಯಿಗೆ ಬಂತು.

ನಡುವೆ ಮೀನಿನ ತ್ಯಾಜ್ಯವನ್ನೂ ಬೇಯಿಸಿ ಹಾಕಿದ್ದೆ. ಬೆಳವಣಿಗೆ ಜೋರಾಗಿತ್ತು, ಆದರೆ ಮಾರುವುದಕ್ಕೆ ಒಂದು ತಿಂಗಳ ಮೊದಲೇ ನಿಲ್ಲಿಸದ ಕಾರಣ, ಚೋರಿಸ್ (ಗೋವಾದ ಹಂದಿ ಸಾಸೇಜ್) ಮಾಡುವವರು ಮಾಂಸವನ್ನು ಮೂಸಿ ವಾಪಸ್ ಕಳಿಸಿದರು. ಊರಿನ ಕಪ್ಪು ಹಂದಿ ಎರಡಿವೆ, ಅಗೊಂದಾ ಗೋವನ್ ಎಂಬ ಇಲ್ಲಿನ ದೇಸಿ ತಳಿಯ ಹತ್ತಿರದವು. ಅವು ಹಿಪ್ಪೆಯನ್ನು ವಿದೇಶಿ ಬಿಳಿ ತಳಿಯ ಯಾರ್ಕ್‌ಶೈರ್‌ಗಳಿಗಿಂತ ಆಸೆಯಿಂದ ತಿನ್ನುತ್ತವೆ, ಬೆಳೆಯುವುದು ಮಾತ್ರ ಅವುಗಳ ಇಷ್ಟದಂತೆ.

ಹದಿನೆಂಟು ಡ್ರಮ್ಮು ಮೂರು ತಿಂಗಳಿಗೆ ಬಂತು. ಮೊದಲು "ಒಯ್ಯಿರಿ ಬಾಬ್, ಜಾಗ ಖಾಲಿಯಾಗಲಿ" ಎನ್ನುತ್ತಿದ್ದ ಭಟ್ಟಿಯವರು ಈಗ ಚೀಲಕ್ಕೆ ಹದಿನೈದು ರೂಪಾಯಿ ಕೇಳುತ್ತಿದ್ದಾರೆ. ಹನ್ನೆರಡಕ್ಕೆ ಒಪ್ಪಿಸಬೇಕು.