ಖಾಯ್‌ದಾಂಗ್‌ಖು ತೊಡಿಸಿ ಹಗಲಿನ ಡೈಪರ್ ಬಿಡಿಸಿದ್ದು: ನನ್ನ ಅನುಭವ

ಚೀನಾದ ಅಜ್ಜಿಯರು ಕೂಸುಗಳಿಗೆ ತೊಡಿಸುವ ಖಾಯ್‌ದಾಂಗ್‌ಖು ಎಂಬ ಚಡ್ಡಿಗೆ ಎರಡು ಕಾಲು ಸೇರುವ ಕಡೆ ಹೊಲಿಗೆ ಇರುವುದಿಲ್ಲ. ಮಗು ನಿಂತಾಗ ಬಟ್ಟೆ ಮುಚ್ಚಿಕೊಂಡಿರುತ್ತದೆ, ಕುಕ್ಕರಗಾಲಲ್ಲಿ ಕೂತರೆ ತಾನಾಗಿ ತೆರೆದುಕೊಳ್ಳುತ್ತದೆ. ಇದನ್ನು ತೊಡಿಸಿದರೆ ಸಾಕು, ಡೈಪರ್ ಬಿಡಿಸಬಹುದು ಅಂದುಕೊಳ್ಳಬೇಡಿ. ಚಡ್ಡಿಯಿಂದ ಉಳಿಯುವುದು ಬಿಚ್ಚುವ ಹತ್ತು ಸೆಕೆಂಡು ಮಾತ್ರ. ನಿಜವಾದ ಕೆಲಸ ‘ಬಾ ನ್ಯಾವ್’, ಅಂದರೆ ಹೊತ್ತು ನೋಡಿ ಮಗುವನ್ನು ಎತ್ತಿ ಹಿಡಿದು ಉಚ್ಚೆ ಮಾಡಿಸುವುದು. ನಮ್ಮ ಕಡೆ ಅಜ್ಜಿಯರು ಚಾಚಿದ ಕಾಲ ಮೇಲೆ ಕೂರಿಸಿಕೊಂಡು ‘ಸುಸ್ಸ್’ ಅನ್ನುತ್ತಾರಲ್ಲ, ಅದೇ ವಿದ್ಯೆ. ಚೀನಾದಲ್ಲಿ ಸದ್ದು ‘ಶ್ಯೂ ಶ್ಯೂ’.

ದಕ್ಷಿಣ ಚೀನಾದ ಗುವಾಂಗ್‌ಝೌನಲ್ಲಿ ನಾನು ಶುರುಮಾಡಿದ್ದು ಮಗುವಿಗೆ ಐದು ತಿಂಗಳು ತುಂಬಿ, ಕುತ್ತಿಗೆ ಗಟ್ಟಿಯಾಗಿ ನಿಂತ ಮೇಲೆ. ಮೊದಲ ನಾಲ್ಕು ದಿನ ಬರೀ ಗಮನಿಸುವುದೇ. ನೀರು ಇಳಿಯದ ಹಾಸಿನ ಮೇಲೆ ಹತ್ತಿ ಬಟ್ಟೆ ಹಾಕಿ, ಹಾಲು ಕುಡಿದ ಹೊತ್ತು, ಬಟ್ಟೆ ಒದ್ದೆಯಾದ ಹೊತ್ತು ಎರಡನ್ನೂ ಬರೆದಿಟ್ಟೆ. ನಿದ್ದೆಯಿಂದ ಎದ್ದ ಕೂಡಲೇ ಒಂದು ಸಲ, ಹಾಲು ಕುಡಿದು ಹದಿನೈದು ನಿಮಿಷಕ್ಕೆ ಇನ್ನೊಂದು ಸಲ ಎಂದು ಲೆಕ್ಕ ಕೂಡಿಬಂತು. ಉಳಿದ ಹೊತ್ತನ್ನು ನಾನು ಊಹಿಸಲು ಹೋಗಲಿಲ್ಲ.

ಹಿಡಿಯುವುದು ಹೀಗೆ: ಮಗುವಿನ ಬೆನ್ನು ನಿಮ್ಮ ಹೊಟ್ಟೆಗೆ ಒರಗಿರಬೇಕು. ಎರಡೂ ಕೈ ತೊಡೆಗಳ ಕೆಳಗೆ, ಮಂಡಿ ಸೊಂಟಕ್ಕಿಂತ ತುಸು ಮೇಲೆ, ಕೆಳಗೆ ಬೋಗುಣಿ. ‘ಶ್ಯೂ’ ಅನ್ನುವುದು ಉಚ್ಚೆ ಇಳಿಯತೊಡಗಿದಾಗ. ಮೊದಲ ವಾರ ಇದೊಂದನ್ನು ತಪ್ಪಿಸಬಾರದು. ಸುಮ್ಮಸುಮ್ಮನೆ ಸದ್ದು ಮಾಡುತ್ತಿದ್ದರೆ ಮಗುವಿಗೆ ಅದು ಇನ್ನೊಂದು ಜೋಗುಳ, ಅಷ್ಟೇ. ಒಂದು ನಿಮಿಷ ಕಾಯಿರಿ, ಬರದಿದ್ದರೆ ಇಳಿಸಿ. ಬೆನ್ನನ್ನು ಬಿಲ್ಲಿನ ಹಾಗೆ ಹಿಂದಕ್ಕೆ ಸೆಟೆಸಿತೋ, ಆ ಕ್ಷಣವೇ ಬಿಟ್ಟುಬಿಡಿ. ಬಹಳ ಮನೆಗಳಲ್ಲಿ ಕೆಡುವುದು ಇಲ್ಲೇ. ನೆಲ ಒದ್ದೆಯಾದೀತೆಂಬ ಆತಂಕಕ್ಕೆ ಇಪ್ಪತ್ತು ನಿಮಿಷಕ್ಕೊಮ್ಮೆ ಎತ್ತಿ ಹಿಡಿದರೆ, ಮಗು ಕೈ ಸೋಕಿದರೇ ಅಳಲು ಶುರುಮಾಡುತ್ತದೆ. ಕಕ್ಕಕ್ಕೆಂದು ಹತ್ತು ನಿಮಿಷ ಹಿಡಿದುಕೊಂಡು ತಿಣುಕಿಸುವುದಂತೂ ಬೇಡವೇ ಬೇಡ.

ಇಲ್ಲಿ ಮಕ್ಕಳ ಬಟ್ಟೆಯ ಅಳತೆ ಎಂದರೆ ಸೆಂಟಿಮೀಟರ್ ಲೆಕ್ಕದ ಎತ್ತರ: 66, 73, 80. 66 ಹಿಡಿಸುವ ಕೂಸಿಗೆ 73 ಕೊಳ್ಳಿ. ಬಿಗಿಯಾದರೆ ಅಂಚು ತೊಡೆಸಂದಿಗೆ ಉಜ್ಜಿ ಕೆಂಪಾಗುತ್ತದೆ, ನಿಂತಾಗಲೂ ಚಡ್ಡಿ ಬಾಯಿ ತೆರೆದೇ ಇರುತ್ತದೆ. ಆರು ಚಡ್ಡಿ, ಇಪ್ಪತ್ತು ಹತ್ತಿ ಬಟ್ಟೆ ಇದ್ದರೆ ದಿನಕ್ಕೊಮ್ಮೆ ಒಗೆದುಕೊಂಡು ಸುಧಾರಿಸಬಹುದು. ಬೀಜಿಂಗ್ ಕಡೆಯ ಚಳಿಗೆ ಹತ್ತಿ ತುಂಬಿದ ಚಡ್ಡಿಯ ಹಿಂದೆ ‘ಪಿಗು ಲ್ಯಾನ್’, ಅಂದರೆ ಕುಂಡೆಯ ಪರದೆ ಎಂಬ ದಪ್ಪ ಬಟ್ಟೆಯನ್ನು ಸೊಂಟಕ್ಕೆ ಕಟ್ಟುವುದುಂಟು. ನಮ್ಮ ಗುವಾಂಗ್‌ಝೌಗೆ ಅದರ ಅಗತ್ಯ ಬೀಳಲಿಲ್ಲ.

ಚೀನಾದ ಮನೆಗಳಲ್ಲಿ ಈ ಚಡ್ಡಿಯ ವಿಷಯಕ್ಕೆ ಅಜ್ಜಿಗೂ ಸೊಸೆಗೂ ತಿಕ್ಕಾಟ ನಡೆಯುತ್ತಲೇ ಇರುತ್ತದೆ. ಪ್ಯಾಂಪರ್ಸ್ ಡೈಪರ್ ಇಲ್ಲಿ ಮಾರಾಟಕ್ಕೆ ಬಂದದ್ದು 1998ರಲ್ಲಿ. ಅಜ್ಜಿಯರು ತಮ್ಮ ಮಕ್ಕಳನ್ನು ಬೆಳೆಸಿದ್ದು ಅದಕ್ಕೂ ಮೊದಲು. ಒಂದೇ ಮಗುವಿನ ಕಾನೂನಿನ ಕಾಲದಲ್ಲಿ ಒಬ್ಬರೇ ಆಗಿ ಬೆಳೆದವರು ಇಂದಿನ ಅಪ್ಪ ಅಮ್ಮಂದಿರು. ಇಬ್ಬರೂ ಕೆಲಸಕ್ಕೆ ಹೋದರೆ ಕೂಸು ಅಜ್ಜಿಯ ಕೈಯಲ್ಲೇ. ತೆರೆದ ಚಡ್ಡಿಯಲ್ಲಿ ನೆಲದ ಮೇಲೆ ಕೂತರೆ ಸೋಂಕು ತಗುಲೀತೆಂಬ ಸೊಸೆಯ ಭಯ ಸುಳ್ಳಲ್ಲ. ಒಂದೂವರೆ ವರ್ಷದ ಒಳಗೆ ಮಗು ತಾನಾಗಿ ತಡೆದುಕೊಳ್ಳುವುದು ಕಷ್ಟ, ಹಾಗಾಗಿ ಅಲ್ಲಿವರೆಗೆ ತರಬೇತಾಗುವುದು ದೊಡ್ಡವರ ಕಣ್ಣಿಗೇ ಎನ್ನುವುದೂ ನಿಜ. ಆದರೂ ದಿನಕ್ಕೆ ನಾಲ್ಕೈದು ಡೈಪರ್ ಉಳಿದು, ಕುಂಡೆಗೆ ಗಾಳಿಯಾಡುವುದು ಕಡಿಮೆ ಲಾಭವಲ್ಲ. ಮನೆಯಲ್ಲಿ ಇಡೀ ದಿನ ಕಣ್ಣಿಡುವವರು ಇಲ್ಲದಿದ್ದರೆ ಬೆಳಗ್ಗೆ ಎದ್ದಾಗ, ಸ್ನಾನಕ್ಕೆ ಮುಂಚೆ ಎರಡೇ ಹೊತ್ತು ಹಿಡಿಯಿರಿ, ಉಳಿದದ್ದಕ್ಕೆ ಡೈಪರ್ ಇರಲಿ. ರಾತ್ರಿ ಎಬ್ಬಿಸಬೇಡಿ. ಮೆಟ್ರೋ, ಮಾಲ್, ಪಾರ್ಕು ಎಲ್ಲಿಗೆ ಹೋದರೂ ಡೈಪರ್ ಇರಲೇಬೇಕು. ಬೀದಿ ಬದಿಯಲ್ಲಿ ಮಗುವನ್ನು ಹಿಡಿದು ನಿಂತರೆ ಈಗ ಚೀನಾದವರೇ ಬೈಯುತ್ತಾರೆ, ಬೈಯಲೇಬೇಕಾದ್ದು.

ನಡೆಯಲು ಕಲಿತ ಮೇಲೆ ಬೋಗುಣಿಯ ಜಾಗಕ್ಕೆ ಪಾದ ನೆಲಕ್ಕೆ ತಾಗುವಷ್ಟು ಕುಳ್ಳಾದ ಪಾಟಿ, ಅಂದರೆ ಮಕ್ಕಳು ಕೂತು ಉಚ್ಚೆ ಕಕ್ಕ ಮಾಡುವ ಪುಟ್ಟ ಪೀಠ, ತಂದಿಟ್ಟೆ. ಒದ್ದೆಯಾಗುವ ಮುಂಚೆಯೇ ಚಡ್ಡಿ ಹಿಡಿದು ಎಳೆಯತೊಡಗಿದಾಗ, ಸಡಿಲ ಎಲಾಸ್ಟಿಕ್ಕಿನ ಮುಚ್ಚಿದ ಚಡ್ಡಿಗೆ ಬದಲಾಯಿಸಿದೆ. ಬಿಗಿ ಎಲಾಸ್ಟಿಕ್ ಆದರೆ ಮಗುವಿಗೆ ಕೆಳಕ್ಕೆ ಜಾರಿಸಲು ಆಗುವುದಿಲ್ಲ. ಅಲ್ಲಿಗೆ ಖಾಯ್‌ದಾಂಗ್‌ಖು ಮೂಟೆ ಸೇರಿದವು.