ಊರ ಶಾಲೆಗೆ ಇನ್ನೊಬ್ಬ ಟೀಚರ್ ಬೇಕಾದರೆ

ನಾನು ಊರಲ್ಲಿ ಹಿಟ್ಟಿನ ಗಿರಣಿ ನಡೆಸುತ್ತೇನೆ. ನಮ್ಮದು ಕಲ್ಯಾಣ ಕರ್ನಾಟಕದ ಕಡೆಯ ಹಳ್ಳಿ. ಇಲ್ಲಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಎಸ್‌ಡಿಎಂಸಿಗೆ, ಅಂದರೆ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗೆ, ನಾನೇ ಅಧ್ಯಕ್ಷೆ. ಅಧ್ಯಕ್ಷೆ ಆದ ಮೊದಲ ವಾರ ನಲಿ-ಕಲಿ ಕೋಣೆಗೆ, ಅಂದರೆ ಚಿಕ್ಕ ಮಕ್ಕಳು ಆಟದ ಹಾಗೆ ಕಾರ್ಡು ಹಿಡಿದು ಕಲಿಯುವ ಕೋಣೆಗೆ, ಹೋಗಿ ಕೂತೆ. ಒಂದು, ಎರಡು, ಮೂರನೇ ತರಗತಿ ಸೇರಿ 79 ಮಕ್ಕಳು, ಒಬ್ಬರೇ ಟೀಚರ್. ನಲಿ-ಕಲಿಯಲ್ಲಿ ಮಕ್ಕಳು ತಟ್ಟೆ ಅಂತ ಗುಂಪು ಮಾಡಿಕೊಂಡು ನೆಲದ ಮೇಲೆ ಕೂರುತ್ತಾರೆ. ಒಂದೊಂದು ಗುಂಪಿನ ಹತ್ತಿರ ಟೀಚರ್ ಕೂತು, ಮಗು ಕಾರ್ಡು ಮುಗಿಸಿದ್ದನ್ನು ನೋಡಿ ಮುಂದಿನದಕ್ಕೆ ಕಳಿಸಬೇಕು. ಆ ಟೀಚರ್ ಕೊನೇ ಗುಂಪಿಗೆ ಬರುವಷ್ಟರಲ್ಲಿ ಊಟದ ಗಂಟೆ ಹೊಡೆಯಿತು. ಅಲ್ಲಿ ಕೂತಿದ್ದವಳು ನನ್ನ ಮಗಳು. ಅವಳ ಕೈಯಲ್ಲಿದ್ದ ಕಾರ್ಡಿನ ಅಂಚು ಬೆವರಿಗೆ ಮೆತ್ತಗಾಗಿತ್ತು. ನಾಲ್ಕು ದಿನದಿಂದ ಅದೇ ಕಾರ್ಡು ಅಂದಳು.

ಆ ಟೀಚರ್ ಮೇಲೆ ನನಗೆ ಒಂದಿಷ್ಟೂ ಸಿಟ್ಟಿಲ್ಲ. ಒಬ್ಬರು 79 ಮಕ್ಕಳನ್ನು ನೋಡಿಕೊಳ್ಳೋದು ಆಗದ ಮಾತು. ಆ ಕೋಣೆಗೆ ಇನ್ನೊಬ್ಬ ಟೀಚರ್ ತರಿಸಲು ನಮಗೆ ಒಂದೂವರೆ ವರ್ಷ ಹಿಡಿಯಿತು. ಅದರಲ್ಲಿ ಅರ್ಧ ಕಾಲ ಹೋಗಿದ್ದು ತಪ್ಪು ಜಾಗದಲ್ಲಿ ತಪ್ಪು ಪ್ರಶ್ನೆ ಕೇಳಿ. ನಿಮಗೆ ಹಾಗಾಗಬಾರದು ಅಂತ ಇದನ್ನು ಬರೆಯುತ್ತಿದ್ದೇನೆ.

ಮೊದಲು ನಿಮ್ಮ ಶಾಲೆಗೆ ಕಾನೂನಿನ ಪ್ರಕಾರ ಎಷ್ಟು ಶಿಕ್ಷಕರು ಬರಬೇಕು ಅಂತ ನೀವೇ ಲೆಕ್ಕ ಹಾಕಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಕೊನೆಗೆ ಒಂದು ಅನುಸೂಚಿ ಇದೆ. 1ರಿಂದ 5ನೇ ತರಗತಿಗೆ ಒಟ್ಟು 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು. 61ರಿಂದ 90ಕ್ಕೆ ಮೂವರು. 91ರಿಂದ 120ಕ್ಕೆ ನಾಲ್ವರು. 121ರಿಂದ 200ಕ್ಕೆ ಐವರು, 150 ದಾಟಿದರೆ ಜೊತೆಗೆ ಮುಖ್ಯ ಶಿಕ್ಷಕರು. 6ರಿಂದ 8ಕ್ಕೆ 35 ಮಕ್ಕಳಿಗೆ ಒಬ್ಬರು. ಮಕ್ಕಳು ಕಡಿಮೆ ಇದ್ದರೂ ಗಣಿತ-ವಿಜ್ಞಾನಕ್ಕೆ ಒಬ್ಬರು, ಸಮಾಜಕ್ಕೆ ಒಬ್ಬರು, ಭಾಷೆಗೆ ಒಬ್ಬರು ಇರಲೇಬೇಕು.

ನಮ್ಮಲ್ಲಿ 1ರಿಂದ 5ಕ್ಕೆ 128 ಮಕ್ಕಳು, 6 ಮತ್ತು 7ಕ್ಕೆ 58. ಅಂದರೆ ಐದು ಮತ್ತು ಮೂರು, ಒಟ್ಟು ಎಂಟು ಜನ ಬೇಕು. ತರಗತಿಯಲ್ಲಿ ಪಾಠ ಮಾಡುತ್ತಿದ್ದವರು ನಾಲ್ಕೇ ಜನ. ಐದನೆಯವರು ಪ್ರಭಾರ ಹೆಡ್‌ಮಾಸ್ತರು. ಬಿಸಿಯೂಟದ ಲೆಕ್ಕ, ಹಾಲು, ಮೊಟ್ಟೆ, ಮೀಟಿಂಗ್‌ನಲ್ಲೇ ಅವರ ದಿನ ಮುಗಿಯುತ್ತಿತ್ತು.

ಇಷ್ಟು ಗೊತ್ತಾದ ಕೂಡಲೇ ನಾನು ನೇರ ತಾಲ್ಲೂಕು ಕಚೇರಿಗೆ ಓಡಿದೆ. ಅದೇ ತಪ್ಪಾಗಿದ್ದು. ಅಲ್ಲಿ ಗುಮಾಸ್ತರು ಕಂಪ್ಯೂಟರ್ ನೋಡಿ, "ಅಕ್ಕಾರ, ನಿಮ್ಮ ಸಾಲಿಗೆ ನಾಲ್ಕೇ ಟೀಚರ್ ಸಾಕು ಅಂತ ತೋರಸ್ತೈತ್ರಿ, 1ರಿಂದ 5ಕ್ಕೆ 117 ಮಕ್ಳು ಅದಾರ" ಅಂದರು. ನಮ್ಮ ಹಾಜರಿ ಪುಸ್ತಕದಲ್ಲಿ 128. ಮಕ್ಕಳ ಹೆಸರು ದಾಖಲಾಗುವ ಸರ್ಕಾರದ ಕಂಪ್ಯೂಟರ್ ಪಟ್ಟಿ ಸ್ಯಾಟ್ಸ್‌ನಲ್ಲಿ 117. ಮಕ್ಕಳು 120 ದಾಟಿದರೆ ಐದನೇ ಶಿಕ್ಷಕರು ಬರುತ್ತಾರೆ, ಇಲ್ಲದಿದ್ದರೆ ಇಲ್ಲ. ಆ 11 ಹೆಸರಿನ ಮೇಲೆ ಒಂದು ಹುದ್ದೆ ನಿಂತಿತ್ತು.

ಸರ್ಕಾರದ ದುಡ್ಡು ಹೋಗುವುದು ದಾಖಲೆಯ ಅಂಕಿ ನೋಡಿ. ಸೆಪ್ಟೆಂಬರ್ 30ಕ್ಕೆ ಇರುವ ಮಕ್ಕಳ ಸಂಖ್ಯೆ ಯು-ಡೈಸ್‌ಗೆ, ಅಂದರೆ ದೇಶದ ಶಾಲೆಗಳ ಅಂಕಿ-ಅಂಶ ಸೇರುವ ದಾಖಲೆಗೆ, ಹೋಗುತ್ತದೆ. ಹಾಗಾಗಿ ಆಗಸ್ಟ್‌ನಲ್ಲೇ ಹೆಡ್‌ಮಾಸ್ತರ ಜೊತೆ ಕೂತು ಹಾಜರಿ ಪುಸ್ತಕ ಮತ್ತು ಸ್ಯಾಟ್ಸ್ ಪಟ್ಟಿ ಎರಡನ್ನೂ ಪಕ್ಕದಲ್ಲಿಟ್ಟು ಒಂದೊಂದೇ ಹೆಸರು ಗುರುತು ಹಾಕಿ. ನಾವು ಎರಡು ಸಂಜೆ ಕೂತೆವು. 11 ಮಕ್ಕಳಲ್ಲಿ ಎಂಟು ಜನ ಬೇರೆ ಊರಿಂದ ಬಂದವರು. ಅವರ ಹಳೆ ಶಾಲೆಯವರು ಟಿಸಿ ಬಿಟ್ಟಿರಲಿಲ್ಲ. ಟಿಸಿ ತಡವಾಯಿತು ಅಂತ ಮಗುವನ್ನು ಸೇರಿಸಿಕೊಳ್ಳದೆ ಇರುವ ಹಾಗಿಲ್ಲ, ಕಾಯ್ದೆಯ 5ನೇ ಕಲಂ ಅದನ್ನು ಸ್ಪಷ್ಟವಾಗಿ ಹೇಳುತ್ತದೆ. ಹಳೆ ಶಾಲೆಗಳಿಗೆ ಫೋನ್ ಮಾಡಿದೆವು, ಎರಡು ಕಡೆ ನಾನೇ ಬಸ್ಸು ಹತ್ತಿ ಹೋದೆ. ಉಳಿದ ಮೂವರ ಹೆಸರು ಆಧಾರ್ ಕಾರ್ಡಿನ ಅಕ್ಷರಕ್ಕೆ ಹೊಂದದೆ ನಿಂತಿತ್ತು. ಒಬ್ಬ ಹುಡುಗನಿಗಂತೂ ಒಂದು ದೀರ್ಘ ಅಷ್ಟೇ ವ್ಯತ್ಯಾಸ.

ಎರಡನೆಯದು, ಯಾರ ಸಂಬಳ ಎಲ್ಲಿ ಆಗುತ್ತಿದೆ ಅಂತ ನೋಡಿ. ಇದನ್ನು ಯಾರೂ ತಾವಾಗಿ ಹೇಳುವುದಿಲ್ಲ. ಹೆಡ್‌ಮಾಸ್ತರ ಹತ್ತಿರ ಮೂರು ಅಂಕಿ ಕೇಳಿ: ಮಂಜೂರಾದ ಹುದ್ದೆ ಎಷ್ಟು, ಭರ್ತಿ ಎಷ್ಟು, ನಿಯೋಜನೆ ಮೇಲೆ ಹೊರಗಿರುವವರು ಎಷ್ಟು. ನಮ್ಮಲ್ಲಿ ಮಂಜೂರು ಏಳು, ಭರ್ತಿ ಆರು. ಆದರೆ ಆ ಆರರಲ್ಲಿ ಒಬ್ಬರು ನಿಯೋಜನೆ ಮೇಲೆ ಒಂದು ಕಚೇರಿಯಲ್ಲಿದ್ದರು. ಸಂಬಳ ನಮ್ಮ ಶಾಲೆಯ ಹೆಸರಲ್ಲಿ, ಕೆಲಸ ಅಲ್ಲಿ. ದಾಖಲೆಯಲ್ಲಿ ಆ ಹುದ್ದೆ ತುಂಬಿದೆ, ಹಾಗಾಗಿ ಅದಕ್ಕೆ ಅತಿಥಿ ಶಿಕ್ಷಕರೂ ಸಿಗುವುದಿಲ್ಲ. ಕಾಯ್ದೆಯ 25ನೇ ಕಲಂನ ಎರಡನೇ ಭಾಗ ಓದಿಕೊಳ್ಳಿ. ಒಂದು ಶಾಲೆಗೆ ನೇಮಿಸಿದ ಶಿಕ್ಷಕರನ್ನು ಬೇರೆ ಶಾಲೆಯಲ್ಲಾಗಲಿ ಕಚೇರಿಯಲ್ಲಾಗಲಿ ದುಡಿಸುವಂತಿಲ್ಲ. ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಇಷ್ಟಕ್ಕೆ ಮಾತ್ರ 27ನೇ ಕಲಂ ಬಿಟ್ಟುಕೊಡುತ್ತದೆ. ನಮ್ಮ ಅರ್ಜಿಯಲ್ಲಿ ಈ ಎರಡು ಕಲಂ ಬರೆದೆವು, ಬೇರೆ ವಾದ ಮಾಡಲಿಲ್ಲ. ಏಳು ವಾರಕ್ಕೆ ಆ ಶಿಕ್ಷಕರು ವಾಪಸ್ ಬಂದರು.

ಕಚೇರಿಯಲ್ಲಿ ಮಾಹಿತಿ ಕೊಡದಿದ್ದರೆ ಮಾಹಿತಿ ಹಕ್ಕಿನಲ್ಲಿ ಕೇಳಿ. ಶುಲ್ಕ 10 ರೂಪಾಯಿ, 30 ದಿನದಲ್ಲಿ ಉತ್ತರ ಬರಬೇಕು. ಕರ್ನಾಟಕದಲ್ಲಿ ಅರ್ಜಿ 150 ಪದ ಮೀರಬಾರದು, ವಿಷಯವೂ ಒಂದೇ ಇರಬೇಕು. ಇದು ಗೊತ್ತಿಲ್ಲದೆ ಎರಡು ಪುಟ ಬರೆದರೆ ಸುಮ್ನೆ ವಾಪಸ್ ಬರುತ್ತದೆ.

ಈಗ ಕೇಳುವ ಕ್ರಮಕ್ಕೆ ಬರೋಣ. "ಶಾಲೆಗೆ ಶಿಕ್ಷಕರನ್ನು ಕೊಡಿ" ಅಂತ ಬರೆದರೆ ಯಾರ ಮೇಜಿನ ಮೇಲೂ ಅದು ನಿಲ್ಲುವುದಿಲ್ಲ. ಖಾಲಿ ಹುದ್ದೆಗೆ ಒಂದು ಅರ್ಜಿ, ಹೊಸ ಹುದ್ದೆಗೆ ಇನ್ನೊಂದು ಅರ್ಜಿ. ಎರಡಕ್ಕೂ ದುಡ್ಡು ಬರುವ ದಾರಿ ಬೇರೆ.

ಖಾಲಿ ಹುದ್ದೆಗೆ ಬೇಗ ಸಿಗುವುದು ಅತಿಥಿ ಶಿಕ್ಷಕರು. ಗೌರವಧನ ರಾಜ್ಯ ಸರ್ಕಾರದ್ದು. ಪ್ರಾಥಮಿಕ ಶಾಲೆಯಲ್ಲಿ ತಿಂಗಳಿಗೆ 10,000 ರೂಪಾಯಿ ಇದ್ದದ್ದನ್ನು 2025-26ರ ಬಜೆಟ್‌ನಲ್ಲಿ 2,000 ಏರಿಸಿದರು. ಬೇಸಿಗೆ ರಜೆಯಲ್ಲೇ ಎಸ್‌ಡಿಎಂಸಿ ಸಭೆ ಕರೆದು ಠರಾವು ಮಾಡಿ. ನಡಾವಳಿ ಪುಸ್ತಕದಲ್ಲಿ ಹುದ್ದೆ, ವಿಷಯ, ಯಾವತ್ತಿನಿಂದ ಖಾಲಿ, ಎಷ್ಟು ಮಕ್ಕಳು ಅಂತ ಬರೆಸಿ. ತಾಯಂದಿರ ಸಹಿ ಜಾಸ್ತಿ ಇರಲಿ. ಸಮಿತಿಯಲ್ಲಿ ಅರ್ಧದಷ್ಟು ಹೆಂಗಸರು ಇರಬೇಕು ಅಂತ ಶಿಕ್ಷಣ ಹಕ್ಕು ಕಾಯ್ದೆಯೇ ಹೇಳಿದೆ. ಪ್ರತಿಯನ್ನು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯ ಟಪಾಲು ವಿಭಾಗಕ್ಕೆ ಕೊಟ್ಟು, ಇನ್ನೊಂದು ಪ್ರತಿಯ ಮೇಲೆ ಸೀಲು ಮತ್ತು ಇನ್‌ವರ್ಡ್ ನಂಬರ್ ಹಾಕಿಸಿಕೊಳ್ಳಿ. ಕೈಯಲ್ಲಿ ಕೊಟ್ಟು ನಮಸ್ಕಾರ ಹೇಳಿ ಬಂದ ನನ್ನ ಮೊದಲ ಅರ್ಜಿ ಎಲ್ಲಿ ಹೋಯಿತೋ ಇವತ್ತಿಗೂ ಪತ್ತೆ ಇಲ್ಲ.

ಅತಿಥಿ ಶಿಕ್ಷಕರು ಬಂದ ಮೇಲೆ ನಿಮ್ಮ ಕೆಲಸ ಮುಗಿಯಿತು ಅಂದುಕೊಳ್ಳಬೇಡಿ. ನಮಗೆ ಬಂದ ಹುಡುಗಿ ಡಿ.ಎಡ್. ಮಾಡಿದವಳು, ದಿನಾ 14 ಕಿಲೋಮೀಟರ್ ದೂರದಿಂದ ಬರುತ್ತಿದ್ದಳು. ಅವಳಿಗೆ ನಾಲ್ಕು ತಿಂಗಳು ಗೌರವಧನ ಬರಲಿಲ್ಲ. ಒಂದು ದಿನ ಗಿರಣಿಗೆ ಬಂದು, "ಅಕ್ಕಾ, ಬಸ್ ಚಾರ್ಜಿಗೂ ರೊಕ್ಕ ಇಲ್ಲ, ಬಿಡ್ತೀನಿ" ಅಂದಳು. ಹೆಂಗಸರಿಗೆ ಬಸ್ಸು ಪುಕ್ಕಟೆ ಅಲ್ವಾ ಅಂದೆ. ಅವಳ ಊರಿಗೆ ಸರ್ಕಾರಿ ಬಸ್ಸೇ ಇಲ್ಲ, ಟಂಟಂ ಹತ್ತಿ ಬರಬೇಕು. ನನಗೆ ಅದು ಗೊತ್ತೇ ಇರಲಿಲ್ಲ. ಅವತ್ತಿನಿಂದ ಪ್ರತಿ ತಿಂಗಳ ಕೊನೇ ದಿನ ಅವಳ ಹಾಜರಾತಿ ದೃಢೀಕರಣ ಹೋಯಿತೇ ಅಂತ ಹೆಡ್‌ಮಾಸ್ತರನ್ನು ಕೇಳುವುದು ನನ್ನ ಕೆಲಸ. ಬಿಲ್ಲು ಎಲ್ಲಿ ನಿಂತಿದೆ ಅಂತ ಫೋನ್ ಮಾಡುವುದೂ ನನ್ನದೇ. ನೀವೂ ಇದನ್ನು ಹಚ್ಚಿಕೊಳ್ಳಿ. ದುಡ್ಡು ಸರ್ಕಾರದ್ದಾದರೂ ಆ ಹುಡುಗಿಯನ್ನು ಉಳಿಸಿಕೊಳ್ಳಬೇಕಾದವರು ನಾವು.

ಹೊಸ ಹುದ್ದೆಯ ದಾರಿ ಉದ್ದ. ಕಾಯ್ದೆಯ 22ನೇ ಕಲಂ ಪ್ರಕಾರ ಶಾಲಾ ಅಭಿವೃದ್ಧಿ ಯೋಜನೆ ಮಾಡುವುದು ಎಸ್‌ಡಿಎಂಸಿ ಕೆಲಸ. ಸರ್ಕಾರದ ಅನುದಾನಕ್ಕೆ ಆ ಯೋಜನೆಯೇ ಆಧಾರ ಆಗಬೇಕು. ಮುಂದಿನ ಮೂರು ವರ್ಷ ಮಕ್ಕಳು ಎಷ್ಟಾಗುತ್ತಾರೆ, ಎಷ್ಟು ಶಿಕ್ಷಕರು, ಎಷ್ಟು ಕೋಣೆ ಬೇಕು ಅಂತ ಅದರಲ್ಲಿ ಬರೆಯಿರಿ. ಅಂಗನವಾಡಿ ಕಾರ್ಯಕರ್ತೆಯನ್ನು ಕೇಳಿದರೆ ಮುಂದಿನ ವರ್ಷ ಒಂದನೇ ತರಗತಿಗೆ ಬರುವವರ ಹೆಸರೇ ಸಿಗುತ್ತದೆ. ಸಮಗ್ರ ಶಿಕ್ಷಣ ಅನ್ನುವ ಸರ್ಕಾರಿ ಯೋಜನೆಗೆ ಕೇಂದ್ರ 60, ರಾಜ್ಯ 40ರಂತೆ ದುಡ್ಡು ಹಾಕುತ್ತವೆ. ಅದರ ವಾರ್ಷಿಕ ಯೋಜನೆ ಮಾರ್ಚ್ ಒಳಗೇ ತಯಾರಾಗುತ್ತದೆ. ನಿಮ್ಮದು ಡಿಸೆಂಬರ್ ಒಳಗೆ ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಕೈ ಸೇರಲಿ.

ಶಾಲೆಗೆ ಬರುವ ವಾರ್ಷಿಕ ಅನುದಾನದಿಂದ ಶಿಕ್ಷಕರಿಗೆ ಸಂಬಳ ಕೊಡಬಹುದಾ ಅಂತ ತುಂಬ ಜನ ಕೇಳುತ್ತಾರೆ. ಆಗಲ್ಲ. ಅದು ಸೀಮೆಸುಣ್ಣ, ರಿಪೇರಿ, ಶೌಚಾಲಯ, ಕರೆಂಟು ಬಿಲ್ಲಿಗೆ.

ಯಾವುದಕ್ಕೂ ಉತ್ತರ ಬರದಿದ್ದರೆ ಶಿಕ್ಷಣ ಹಕ್ಕು ಕಾಯ್ದೆಯ 32ನೇ ಕಲಂನಲ್ಲಿ ಸ್ಥಳೀಯ ಪ್ರಾಧಿಕಾರಕ್ಕೆ ಲಿಖಿತ ದೂರು ಕೊಡಿ. ಮೂರು ತಿಂಗಳಲ್ಲಿ ತೀರ್ಮಾನ ಆಗಬೇಕು. ಅದರ ಮೇಲೆ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಮೇಲ್ಮನವಿ. ನಮಗೆ ಅಲ್ಲಿಯವರೆಗೆ ಹೋಗುವ ಪ್ರಸಂಗ ಬರಲಿಲ್ಲ.

ಎಂಟನೇ ಹುದ್ದೆ ನಮಗೆ ಇನ್ನೂ ಬಂದಿಲ್ಲ, ಯೋಜನೆಯಲ್ಲಿ ಇದೆ. ನಲಿ-ಕಲಿ ಮಾತ್ರ ಈಗ ಎರಡು ಕೋಣೆಯಲ್ಲಿ ನಡೆಯುತ್ತದೆ, ಒಂದರಲ್ಲಿ 40, ಇನ್ನೊಂದರಲ್ಲಿ 39. ಮೊನ್ನೆ ನನ್ನ ಮಗಳು ಒಂದೇ ದಿನ ಎರಡು ಕಾರ್ಡು ಮುಗಿಸಿದೆ ಅಂತ ಗಿರಣಿಗೆ ಓಡಿಬಂದು ಹೇಳಿದಳು. ಮಷೀನಿನ ಸದ್ದಿಗೆ ನನಗೆ ಕೇಳಿಸಲಿಲ್ಲ. ಬೆಲ್ಟ್ ನಿಲ್ಲಿಸಿ ಮತ್ತೊಮ್ಮೆ ಹೇಳಿಸಿಕೊಂಡೆ.